ಕಾವಲಿನ ಒಂದು ಹೂವು: ಹೆಸರು ಮತ್ತು ನೆಲೆಗಳ ಚರಿತ್ರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ತೆಂಗಿನ ತೋಟ, ಕೊಬ್ಬರಿಯ ವ್ಯಾಪಾರ. ಕೆರೆಗಳ ಕೆಳಗಿನ ತೋಟಗಳಿಗೆ ಚರಿತ್ರೆಯುಂಟು, ಕಂದಾಯದ ಲೆಕ್ಕವುಂಟು. ಆದರೆ ತೋಟದ ಸಾಲು ಮುಗಿದ ಮೇಲೆ ಎತ್ತರದ ಒಣನೆಲದಲ್ಲಿ ಹಬ್ಬಿರುವ ಹುಲ್ಲುಗಾವಲುಗಳಿಗೂ ತಮ್ಮದೇ ಆದ ಚರಿತ್ರೆಯಿದೆ. ಅಂತಹ ನೆಲದಲ್ಲಿ ಬಾಳುವ ವಿರಳವಾದ ಒಂದು ಸಸ್ಯವನ್ನೂ ಅದರ ಸಮೀಪದ ಬಂಧುಗಳನ್ನೂ ವಿದ್ವಾಂಸರು ಹೇಗೆ ಗುರುತಿಸುತ್ತ ಬಂದರೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಸಸ್ಯವು ಸೆರೊಪೀಜಿಯ ಎಂಬ ಜಾತಿಗೆ ಸೇರಿದ್ದು. ನಮಗೆ ಪರಿಚಿತವಾದ ಎಕ್ಕದ ನೆಂಟ. 1753ರಲ್ಲಿ ಲಿನೇಯಸನು ಈ ಹೆಸರನ್ನು ಗ್ರೀಕ್ ಮೂಲದಿಂದ ರಚಿಸಿದನು. ಬಳ್ಳಿಯಲ್ಲಿ ಗೊಂಚಲಾಗಿ ನಿಂತ ಹೂಗಳು ಅವನಿಗೆ ಹಲವು ಕವಲಿನ ದೀಪಸ್ತಂಭದಂತೆ ತೋರಿದವು. ಇದಕ್ಕೆ ಅವನಿಗೆ ಆಧಾರವಾದದ್ದು ಮಲಬಾರಿನ ಡಚ್ ಅಧಿಕಾರಿ ವಾನ್ ರೀಡನು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದ 'ಹೋರ್ಟುಸ್ ಮಲಬಾರಿಕಸ್' ಗ್ರಂಥದ ಚಿತ್ರ. ಆ ಗ್ರಂಥದ ಸಸ್ಯಜ್ಞಾನದಲ್ಲಿ ಬಹುಪಾಲು ಇಟ್ಟಿ ಅಚ್ಯುತನ್ ಮೊದಲಾದ ನಾಡವೈದ್ಯರಿಂದ ಬಂದದ್ದೆಂಬುದು ಗಮನಾರ್ಹ.

ಬಳಿಕ ರಾಕ್ಸ್‌ಬರ್ಗನು 1795ರಿಂದ ಹೊರತಂದ ಕೋರಮಂಡಲ ತೀರದ ಸಸ್ಯಗಳ ಗ್ರಂಥದಲ್ಲಿ ಇದೇ ಜಾತಿಯ ಹಲವು ಪ್ರಭೇದಗಳನ್ನು ವರ್ಣಿಸಿದನು. ಗೊಂದಲವು ಮೊದಲಾದದ್ದು ಇಲ್ಲಿಯೇ. ದುಂಡನೆಯ ಎಲೆಯುಳ್ಳದ್ದಕ್ಕೆ ಬಲ್ಬೋಸ ಎಂದೂ ಕಿರಿದಾದ ಚೂಪು ಎಲೆಯುಳ್ಳದ್ದಕ್ಕೆ ಅಕ್ಯುಮಿನೇಟ ಎಂದೂ ಅವನು ಹೆಸರಿಟ್ಟನು. ಅನಂತರ ಗ್ರಹಾಮನು ಕಿರಿದೆಲೆಯ ಇನ್ನೊಂದು ಸಸ್ಯವನ್ನು ಲುಶಿಯೈ ಎಂದು ಕರೆದನು. ಕೊನೆಗೆ ಇವೆಲ್ಲವೂ ಬಲ್ಬೋಸದ ರೂಪಾಂತರಗಳೇ ಎಂದು ತಿಳಿದುಬಂದಿತು. ಎಲೆಯೊಂದನ್ನೇ ನಂಬಿ ಪ್ರಭೇದವನ್ನು ನಿರ್ಣಯಿಸಲಾಗದೆಂಬುದು ಈ ಜಾತಿಯ ಚರಿತ್ರೆಯು ಕಲಿಸುವ ಮೊದಲ ಪಾಠ.

ನಾವು ಮುಖ್ಯವಾಗಿ ಪರಿಶೀಲಿಸಬೇಕಾದ ಪ್ರಭೇದ ಸ್ಪೈರಾಲಿಸ್. ಕರ್ನಾಟಕ, ಆಂಧ್ರ ಮತ್ತು ತಮಿಳುನಾಡುಗಳಲ್ಲಿ ಅಲ್ಲಲ್ಲಿ ಮಾತ್ರ ದೊರೆಯುವ ಇದನ್ನು ರಾಬರ್ಟ್ ವೈಟನು 1848ರಲ್ಲಿ ಚಿತ್ರಸಮೇತ ಪ್ರಕಟಿಸಿದನು. ಇದರ ಬಂಧುಗಳಲ್ಲಿ ಅನೇಕವು ಬಳ್ಳಿಗಳು. ಕ್ಯಾಂಡಲಾಬ್ರಮ್ ಪೊದೆಗಳನ್ನು ಸುತ್ತಿ ಏರುತ್ತದೆ. ಜುನ್ಸಿಯದ ರಸಭರಿತವಾದ ಹಸಿರು ಕಾಂಡದಲ್ಲಿ ಎಲೆಗಳು ಹೆಸರಿಗೆ ಮಾತ್ರ ಇರುತ್ತವೆ. ಸ್ಪೈರಾಲಿಸ್ ಆದರೋ ಬಳ್ಳಿಯಲ್ಲ. ಗೆಡ್ಡೆಯಿಂದ ನೆಟ್ಟಗೆ ಮೇಲೇಳುವ ಕಿರುಗಿಡ. ಎಲೆಗಳು ಹುಲ್ಲಿನ ಗರಿಯಂತೆಯೇ ಇರುವುದರಿಂದ ಹೂವಿಲ್ಲದಾಗ ಅದು ಹುಲ್ಲಿನೊಳಗೆ ಹುಲ್ಲಾಗಿಯೇ ಉಳಿಯುತ್ತದೆ. ನೀಲಗಿರಿಯ ಪುಸಿಲ್ಲ ಎಂಬ ಪ್ರಭೇದವೂ ಹೀಗೆಯೇ ನೆಟ್ಟಗೆ ನಿಲ್ಲುವಂಥದು. ಆದರೆ ಅದು ಇನ್ನೂ ಗಿಡ್ಡ. ಇವೆರಡರ ಭೇದವು ಹೂವಿನಲ್ಲಿ ಸ್ಪಷ್ಟವಾಗುತ್ತದೆ. ಸ್ಪೈರಾಲಿಸಿನ ದಳದ ಸೀಳುಗಳು ಕೆಳಗಿನ ನಳಿಗೆಗಿಂತ ಉದ್ದವಾಗಿದ್ದು ಹಗ್ಗ ಹೊಸೆದಂತೆ ತಿರುಚಿಕೊಂಡಿರುತ್ತವೆ. ಪುಸಿಲ್ಲದಲ್ಲಿ ಈ ತಿರುಚುವಿಕೆಯಿಲ್ಲ.

ಹೂವಿನ ನಳಿಗೆಯ ರಚನೆಯೂ ಕುತೂಹಲಕರವಾದುದು. ಒಳಗೆ ಕೆಳಮುಖವಾಗಿ ಬಾಗಿದ ರೋಮಗಳಿರುತ್ತವೆ. ವಾಸನೆಗೆ ಮರುಳಾಗಿ ಇಳಿದ ಸಣ್ಣ ನೊಣವು ಮೇಲೇರಲಾರದೆ ಸೆರೆಯಾಗುತ್ತದೆ. ರೋಮಗಳು ಬಾಡಿದ ಮೇಲೆ ಬಿಡುಗಡೆ ಹೊಂದಿ ಪರಾಗಪಿಂಡವನ್ನು ಹೊತ್ತು ಬೇರೊಂದು ಹೂವಿಗೆ ಹೋಗುತ್ತದೆ. ಇಂತಹ ಹೂವನ್ನು ಕಾಗದದ ನಡುವೆ ಒತ್ತಿ ಒಣಗಿಸಿದರೆ ನಳಿಗೆ ಚಪ್ಪಟೆಯಾಗಿ ಆಕಾರ ಕೆಡುತ್ತದೆ. ಆದಕಾರಣ ತಾಜಾ ಹೂವಿನ ಚಿತ್ರಕ್ಕೆ ಇಲ್ಲಿ ಒಣ ಮಾದರಿಯಷ್ಟೇ ಬೆಲೆಯುಂಟು. ವೈಟನಿಗೆ ಚಿತ್ರ ಬರೆದುಕೊಟ್ಟವರು ರಂಗಯ್ಯ, ಗೋವಿಂದು ಎಂಬ ದಕ್ಷಿಣ ಭಾರತದ ಕಲಾವಿದರು. ಗೋವಿಂದುವಿನ ಹೆಸರನ್ನು ವೈಟನು 1853ರಲ್ಲಿ ಒಂದು ಆರ್ಕಿಡ್ ಜಾತಿಗೇ ಇಟ್ಟನು.

ವಿಂಗಡಣೆಯ ಕಾರ್ಯ ಇಂದಿಗೂ ಮುಗಿದಿಲ್ಲ. 2017ರಲ್ಲಿ ಬ್ರೌನ್ಸ್ ಮತ್ತು ಸಂಗಡಿಗರು ವಂಶವಾಹಿಗಳ ಪರೀಕ್ಷೆಯ ಆಧಾರದಿಂದ ಬ್ರಾಕಿಸ್ಟೆಲ್ಮ, ಕರಲ್ಲುಮ ಮೊದಲಾದ ಜಾತಿಗಳನ್ನೂ ಸೆರೊಪೀಜಿಯದೊಳಗೆ ಸೇರಿಸಿದರು. ಈ ಮತವನ್ನು ಎಲ್ಲರೂ ಅಂಗೀಕರಿಸಿಲ್ಲ.

ಇನ್ನು ನೆಲೆಯ ವಿಷಯ. ಸ್ವತಃ ಸಸ್ಯಶಾಸ್ತ್ರಜ್ಞನಾಗಿದ್ದ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ಮಾರ್ಗವಾಗಿ ಸಂಚರಿಸಿದನು. ಮೈಸೂರು ಸೀಮೆಯ ತೆಂಗಿನಲ್ಲಿ ಕೆಂಪು, ಹಸಿರು ಬೆರೆತ ಕೆಂಪು, ತಿಳಿಹಸಿರು, ಕಡುಹಸಿರು ಎಂದು ನಾಲ್ಕು ಬಗೆಗಳನ್ನು ಅವನು ಎಣಿಸಿದ್ದಾನೆ. ಅವನಿಗೆ ವಹಿಸಿದ್ದ ಕೆಲಸವು ಬೇಸಾಯ, ವಾಣಿಜ್ಯಗಳ ಸಮೀಕ್ಷೆ. ಆದುದರಿಂದ ಬೆಳೆಯುಳ್ಳ ನೆಲಕ್ಕೆ ಅಲ್ಲಿ ಪ್ರಾಧಾನ್ಯ ಸಹಜ. ಅನಂತರದ ಆಡಳಿತದ ದೃಷ್ಟಿಯೂ ಇದೇ ಜಾಡಿನಲ್ಲಿ ಸಾಗಿ, ಸಾಗುವಳಿಯಿಲ್ಲದ ನೆಲವು ಬೀಳು ಅಥವಾ ಖರಾಬು ಎನಿಸಿಕೊಂಡಿತು.

ಆದರೆ ಕಾವಲುಗಳು ಯಾರಿಗೂ ಬೇಡವಾದ ನೆಲವಾಗಿರಲಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿತು. ಅದರ ರಾಸುಗಳಿಗಾಗಿ ಮೀಸಲಾದ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ತಕ್ಕಂತೆ ವಿಂಗಡಿಸಿ ಮೇಯಿಸುತ್ತಿದ್ದರು. ಗೆಡ್ಡೆಯಲ್ಲಿ ಬೇಸಿಗೆಯನ್ನು ಕಳೆದು ಮಳೆಯಲ್ಲಿ ಚಿಗುರುವ ಸಸ್ಯವು ಸರದಿಯ ಮೇವನ್ನು ತಾಳಿಕೊಳ್ಳಬಲ್ಲದು, ನೇಗಿಲನ್ನು ತಾಳಲಾರದು.

ಕಾವಲುಗಳ ಬಳಕೆ ಈಗ ಬದಲಾಗುತ್ತಿದೆ. ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಗಳಲ್ಲಿ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಗಿ 2023ರಲ್ಲಿ ಅದು ಉದ್ಘಾಟನೆಗೊಂಡಿತು. ಇಂತಹ ಉದ್ಯಮಗಳ ಅವಶ್ಯಕತೆಯನ್ನು ವಿಮರ್ಶಿಸುವುದು ಇಲ್ಲಿನ ಉದ್ದೇಶವಲ್ಲ. ಆದರೆ ಯಾವುದೇ ಕಾವಲಿನ ಸಸ್ಯಸಂಪತ್ತನ್ನು ಬೇಸಿಗೆಯಲ್ಲಿ ನೋಡಿ ನಿರ್ಣಯಿಸಿದರೆ ಕಾಣುವುದು ಒಣಹುಲ್ಲು ಮಾತ್ರ. ಸೆರೊಪೀಜಿಯಗಳು ಹೂಬಿಡುವುದು ಮಳೆಗಾಲದಲ್ಲಿ. ಸಮೀಕ್ಷೆಯೂ ಆಗಲೇ ನಡೆಯಬೇಕು.

ನೆರೆಯ ಹಾಸನ ಜಿಲ್ಲೆಯ ಸಸ್ಯಗಳನ್ನು ಕುರಿತು ಸಲ್ಡಾನ ಮತ್ತು ನಿಕಲ್ಸನ್ ಸಂಪಾದಿಸಿದ ಗ್ರಂಥವು 1976ರಲ್ಲಿ ಪ್ರಕಟವಾಯಿತು. ತೆಂಗಿನ ಸೀಮೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಅದನ್ನು ಕೈಯಲ್ಲಿ ಹಿಡಿದು ಮಳೆಗಾಲದಲ್ಲಿ ತಮ್ಮ ಊರ ಕಾವಲನ್ನು ನಡೆದು ನೋಡಬಹುದು. ಗೆಡ್ಡೆಯನ್ನು ಅಗೆಯಬೇಕಾಗಿಲ್ಲ, ಹೂವಿನ ಚಿತ್ರ, ಸೀಳು ಮತ್ತು ನಳಿಗೆಗಳ ಅಳತೆ, ಸ್ಥಳ, ದಿನಾಂಕ ಇಷ್ಟು ಸಾಕು. ಎಲೆಯನ್ನು ನಂಬಿದ್ದರಿಂದ ಒಂದು ಸಸ್ಯಕ್ಕೆ ಮೂರು ಹೆಸರು ಬಂದಿತ್ತು. ಅದನ್ನು ತಿದ್ದಲು ಸಾಧ್ಯವಾಯಿತು. ಬೀಳೆಂಬ ಹೆಸರನ್ನು ನಂಬಿ ನೆಲವನ್ನೇ ಉತ್ತ ಮೇಲೆ ತಿದ್ದುವುದಕ್ಕೆ ಏನೂ ಉಳಿಯುವುದಿಲ್ಲ.