ಜಯಲಕ್ಷ್ಮೀವಿಲಾಸ: ಊಳಿಗ ಕಳೆದುಕೊಂಡ ಮಹಲು

ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಸಮೀಪದ ದಿಬ್ಬದ ಮೇಲೆ, ಇಂದಿನ ಮಾನಸಗಂಗೋತ್ರಿಯ ಆವರಣದೊಳಗೆ ಇರುವ ಜಯಲಕ್ಷ್ಮೀವಿಲಾಸ ಮಹಲನ್ನು ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದರು. ರಾಜಕುಮಾರಿಯವರು 1897ರಲ್ಲಿ ಸರ್ದಾರ್ ಎಂ. ಕಾಂತರಾಜೇ ಅರಸರನ್ನು ವಿವಾಹವಾಗಿದ್ದರು. ಮುಂದೆ 1919ರಿಂದ 1922ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು ಇದೇ ಕಾಂತರಾಜೇ ಅರಸರು. ರಾಜಮನೆತನದ ಹೆಣ್ಣುಮಕ್ಕಳನ್ನು ಅರಸು ಮನೆತನಗಳಿಗೆ, ಅಂದರೆ ಒಡೆಯರೊಡನೆ ಕೊಟ್ಟು ತರುವ ಸಂಬಂಧವಿದ್ದ ಕುಲದವರಿಗೆ, ಮದುವೆ ಮಾಡಿಕೊಟ್ಟರೂ ಅವರು ಅರಮನೆಯಿಂದ ದೂರವಾಗದಂತೆ ನಗರದಲ್ಲಿಯೇ ಪ್ರತ್ಯೇಕ ನಿವಾಸಗಳನ್ನು ಕಟ್ಟಿಸಿಕೊಡಲಾಯಿತು. ಎರಡನೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಕಾರಂಜಿ ಮಹಲೂ ಮೂರನೆಯವರಾದ ಚೆಲುವಾಜಮ್ಮಣ್ಣಿಯವರ ಚೆಲುವಾಂಬಾ ಮಹಲೂ ಹೀಗೆಯೇ ಹುಟ್ಟಿದವು.

ಸುಮಾರು ಏಳು ಲಕ್ಷ ರೂಪಾಯಿ ವೆಚ್ಚದಲ್ಲಿ ಎದ್ದ ಜಯಲಕ್ಷ್ಮೀವಿಲಾಸದಲ್ಲಿ 125 ಕೋಣೆಗಳೂ 287 ಬಾಗಿಲುಗಳೂ 300 ಕಿಟಕಿಗಳೂ ಇವೆಯೆಂಬುದು ರೂಢಿಯ ಲೆಕ್ಕ. ಜೋಡಿಜೋಡಿಯಾಗಿ ನಿಲ್ಲಿಸಿದ ಕೊರಿಂಥಿಯನ್ ಕಂಬಗಳು, ಅಂದರೆ ತಲೆಭಾಗದಲ್ಲಿ ಎಲೆಗಳ ಗೊಂಚಲಿನಂತಹ ಕೆತ್ತನೆಯುಳ್ಳ ಯುರೋಪಿನ ಪ್ರಾಚೀನ ಮಾದರಿಯ ಕಂಬಗಳು, ಮಹಲಿನ ಮುಂಭಾಗಕ್ಕೆ ಪಾಶ್ಚಾತ್ಯ ಗಾಂಭೀರ್ಯವನ್ನು ತಂದರೆ, ಒಳಗಿನ ಕಲ್ಯಾಣಮಂಟಪವೂ ಬಾಗಿಲುವಾಡಗಳ ಮೇಲಿನ ಕುಸುರಿಕೆಲಸವೂ ಸ್ಥಳೀಯ ಕುಶಲಕರ್ಮಿಗಳ ಕೈಚಳಕವನ್ನು ತೋರಿಸುತ್ತವೆ. ಹೊರಗೆ ದೊರೆತನದ ಹೊಸ ಠೀವಿ, ಒಳಗೆ ಮನೆತನದ ಹಳೆಯ ಆಚಾರ ಎಂಬ ಈ ಜೋಡಣೆ ಆ ಕಾಲದ ಮೈಸೂರಿನ ಕಟ್ಟಡಗಳಲ್ಲಿ ಅಪರೂಪವೇನಲ್ಲ. ಆದರೆ ವಾಸದ ಮನೆಯೊಂದರಲ್ಲಿ ಅದು ಇಷ್ಟು ವಿಸ್ತಾರವಾಗಿ ಕಾಣಸಿಗುವುದು ವಿರಳ.

ಇಂತಹ ಮನೆಯ ಅಳಿವು ಉಳಿವು ಅದರ ಊಳಿಗದವರನ್ನು, ಎಂದರೆ ಒಡೆಯರ ಮನೆಯಲ್ಲಿ ನಿತ್ಯದ ಸೇವೆಗೆ ನೇಮಕಗೊಂಡವರನ್ನು, ಅವಲಂಬಿಸಿತ್ತೆಂಬುದನ್ನು ಮರೆಯುವಂತಿಲ್ಲ. ಸುಣ್ಣ, ಮರಳು ಮತ್ತು ಇಟ್ಟಿಗೆ ಪುಡಿಗಳನ್ನು ಅರೆದು ಮಾಡುವ ಗಾರೆಯು ಸಿಮೆಂಟಿನಂತೆ ಬಿಗಿಯಾಗಿ ಮುಚ್ಚಿಕೊಳ್ಳದೆ ತೇವವನ್ನು ಹೀರಿ ಹೊರಬಿಡುವ ಗುಣದ್ದಾದುದರಿಂದ, ಅದರ ಬಿರುಕುಗಳನ್ನು ಮಳೆಗಾಲಕ್ಕೆ ಮುಂಚೆಯೇ ಹುಡುಕಿ ತುಂಬಬೇಕು. ತಾರಸಿಯ ನೀರುಗಂಡಿಗಳಲ್ಲಿ ಸೇರಿದ ತರಗೆಲೆಯನ್ನು ತೆಗೆಯಬೇಕು. ಗೋಡೆಯ ಸಂದಿನಲ್ಲಿ ಬೇರುಬಿಟ್ಟ ಅರಳಿಯ ಸಸಿಯನ್ನು ಎಳೆಯದಾಗಿರುವಾಗಲೇ ಕೀಳಬೇಕು. ಮುಚ್ಚಿದ ಕೋಣೆಗಳ ಕಿಟಕಿಗಳನ್ನು ತೆರೆದು ಗಾಳಿಯಾಡಿಸಿ, ತೊಲೆಗಳಿಗೆ ಗೆದ್ದಲು ಹತ್ತಿದೆಯೇ ಎಂದು ನೋಡುತ್ತಿರಬೇಕು. ರಾಜಮನೆತನದ ಕಾಲದಲ್ಲಿ ಈ ಕೆಲಸಗಳಿಗೆ ಪ್ರತ್ಯೇಕ ಯೋಜನೆಯಾಗಲಿ ಮಂಜೂರಾತಿಯಾಗಲಿ ಬೇಕಿರಲಿಲ್ಲ, ಏಕೆಂದರೆ ಅವು ಮನೆವಾರ್ತೆಯ ಭಾಗವೇ ಆಗಿದ್ದವು.

ಸಂಸ್ಥಾನದ ಆಳ್ವಿಕೆ ಮುಗಿದ ಮೇಲೆ, ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಅವಧಿಯಲ್ಲಿ (1956–60), ಸ್ನಾತಕೋತ್ತರ ವಿಭಾಗಗಳನ್ನೆಲ್ಲ ಒಂದೆಡೆ ನೆಲೆಗೊಳಿಸುವ ಉದ್ದೇಶದಿಂದ ಮಹಲನ್ನೂ ಅದರ ಸುತ್ತಲಿನ ನೆಲವನ್ನೂ ವಿಶ್ವವಿದ್ಯಾನಿಲಯವು ಕೊಂಡಿತು. ಕುವೆಂಪು ಅವರೇ ಮಾನಸಗಂಗೋತ್ರಿ ಎಂದು ಹೆಸರಿಟ್ಟ ಆ ಆವರಣವು ಕನ್ನಡದ ವಿದ್ಯಾಭ್ಯಾಸಕ್ಕೆ ಮಾಡಿದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಬೇಕಾಗಿದ್ದುದು ಮುಖ್ಯವಾಗಿ ಸ್ಥಳವೇ ಹೊರತು ಮಹಲಲ್ಲವೆಂಬುದು, ಹೊಸ ಕಟ್ಟಡಗಳು ಸುತ್ತಲೂ ಎದ್ದಂತೆಲ್ಲ ಸ್ಪಷ್ಟವಾಗುತ್ತ ಹೋಯಿತು.

1960ರ ದಶಕದ ಕೊನೆಗೆ ಇಲ್ಲಿ ನೆಲೆಗೊಂಡ ಜಾನಪದ ವಸ್ತುಸಂಗ್ರಹಾಲಯವು ಮನೆಗೆ ಹೊಸ ಅರ್ಥವನ್ನು ಕೊಟ್ಟಿತು. ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರು ಹಳ್ಳಿಹಳ್ಳಿಗಳಿಂದ ಕಲೆಹಾಕಿದ ತೊಗಲುಗೊಂಬೆಗಳು, ಸೋಮನ ಮುಖವಾಡಗಳು, ಯಕ್ಷಗಾನದ ವೇಷಭೂಷಣಗಳು, ಒಕ್ಕಲುತನದ ಸಲಕರಣೆಗಳು ರಾಜಕುಮಾರಿಯ ಕೋಣೆಗಳನ್ನು ತುಂಬಿದವು. ಕನ್ನಡದ ಹಲವು ಸಾಹಿತಿಗಳು ಬಳಸಿದ ವಸ್ತುಗಳೂ ಅಲ್ಲಿಗೆ ಸೇರಿದವು. ದೊರೆಯ ಮನೆಯಲ್ಲಿ ಒಕ್ಕಲಿನ ನೇಗಿಲಿಗೆ ಸ್ಥಾನ ಸಿಕ್ಕಿದ್ದು ಪ್ರಜಾಪ್ರಭುತ್ವದ ಸೊಗಸಾದ ತಿರುವು ಹೌದು. ಆದರೆ ತೊಗಲು, ಮರ ಮತ್ತು ಬಟ್ಟೆಗಳಿಗೆ ತೇವದಷ್ಟು ದೊಡ್ಡ ಶತ್ರು ಮತ್ತೊಂದಿಲ್ಲವಾದುದರಿಂದ, ಸೋರುವ ಸೂರಿನ ಕೆಳಗೆ ಮನೆ ಮತ್ತು ಸಂಗ್ರಹಗಳೆರಡೂ ಒಟ್ಟಿಗೇ ಕೆಡತೊಡಗಿದವು.

ಈ ಶತಮಾನದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ಒಂದು ಕೋಟಿಗೂ ಮಿಕ್ಕ ನೆರವಿನಿಂದ ಮಹಲಿನ ಜೀರ್ಣೋದ್ಧಾರ ನಡೆಯಿತು. ಮುಂದೆ ಮತ್ತೆ ಮಳೆನೀರು ಒಳಗಿಳಿದು, ಕೆಲವು ಭಾಗಗಳನ್ನು ಮುಚ್ಚಬೇಕಾದ ಸ್ಥಿತಿ ಬಂದಿತು. ಇತ್ತೀಚೆಗೆ ಅಮೆರಿಕದ ರಾಯಭಾರಿಗಳ ಸಂಸ್ಕೃತಿ ಸಂರಕ್ಷಣಾ ನಿಧಿಯ ನೆರವನ್ನು ಪಡೆಯಬೇಕಾಯಿತು. ಜೀರ್ಣೋದ್ಧಾರಕ್ಕೆ ದಾನಿಗಳು ಮುಂದೆ ಬರುತ್ತಾರೆ, ಉದ್ಘಾಟನೆಯೂ ಆಗುತ್ತದೆ. ನೀರುಗಂಡಿಯ ತರಗೆಲೆ ತೆಗೆಯುವವನ ಸಂಬಳಕ್ಕೆ ಮಾತ್ರ ದಾನಿಗಳು ಸಿಗುವುದಿಲ್ಲ. 2012ರ ಆಗಸ್ಟ್‌ನಲ್ಲಿ ಇದೇ ನಗರದ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತ ಮೇಲೂ, ಪಾರಂಪರಿಕ ಕಟ್ಟಡಗಳ ಕುರಿತ ಚರ್ಚೆಯು ಉಳಿಸಬೇಕೇ ಕೆಡವಬೇಕೇ ಎಂಬುದರ ಸುತ್ತಲೇ ಸುತ್ತಿತೇ ವಿನಾ ನಿತ್ಯದ ನಿಗಾವಣೆಯ ಕಡೆಗೆ ಹೆಚ್ಚು ಹೊರಳಲಿಲ್ಲ.

ತಂಗಿಯರ ಮಹಲುಗಳ ಗತಿ ಬೇರೆಯಾಯಿತು. ಕಾರಂಜಿ ಮಹಲು ಅಂಚೆ ಇಲಾಖೆಯ ತರಬೇತಿ ಕೇಂದ್ರವಾಯಿತು. ಚೆಲುವಾಂಬಾ ಮಹಲಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಆರಂಭವಾಗಿ ಇಂದಿಗೂ ಅಲ್ಲಿಯೇ ಇದೆ. ಹೀಗೆ ನಿತ್ಯ ಬಳಕೆಯಲ್ಲಿರುವ ಕಟ್ಟಡದಲ್ಲಿ ಅಧಿಕಾರಿಯ ಮೇಜಿನ ಮೇಲೆ ಹನಿ ಬಿದ್ದರೆ ಅಂದೇ ಏಣಿ ತರಿಸುತ್ತಾರೆ. ಬೀಗ ಹಾಕಿದ ಕೋಣೆಯಲ್ಲಿ ತೊಗಲುಗೊಂಬೆಯ ಮೇಲೆ ಬಿದ್ದ ಹನಿಯು ಗೊತ್ತಾಗುವ ಹೊತ್ತಿಗೆ ತೊಲೆಯ ತುದಿಯೇ ಕೊಳೆತಿರುತ್ತದೆ.