ಇ-ಖಾತಾದಲ್ಲಿ ಹೆಸರು ತಪ್ಪಾಗಿದೆಯೇ? ‘ಕಂಪ್ಯೂಟರ್ ತಪ್ಪು’ ಎನ್ನುವ ಮುನ್ನ ಇದನ್ನು ಓದಿ

‘ಕಂಪ್ಯೂಟರ್‌ನಲ್ಲಿ ಹಾಗೇ ಬಂದಿದೆ, ನಾವೇನೂ ಮಾಡೋಕಾಗಲ್ಲ.’ ಇ-ಖಾತಾಕ್ಕಾಗಿ ಓಡಾಡಿದವರಿಗೆ ಈ ಮಾತು ಹೊಸದಲ್ಲ. ಇದಕ್ಕೇ ಉಪ್ಪು-ಖಾರ ಹಚ್ಚಿದ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲೂ ಓಡಾಡುತ್ತವೆ: ಕರಡಿನಲ್ಲಿ ಹೆಸರು ತಪ್ಪಿದ್ದರೆ ಮನೆ ಕೈಬಿಟ್ಟಂತೆ, ತಂತ್ರಾಂಶವೇ ಮಾಲೀಕರನ್ನು ಬದಲಿಸಿಬಿಡುತ್ತದೆ ಎಂದು.

ಇದು ನಿಜವಲ್ಲ. ಖಾತಾ ಎನ್ನುವುದು ತೆರಿಗೆಗಾಗಿ ಪಾಲಿಕೆ ಇಟ್ಟುಕೊಳ್ಳುವ ದಾಖಲೆ, ಅದು ಮಾಲೀಕತ್ವದ ಪತ್ರವಲ್ಲ. ನಿಮ್ಮ ಹೆಸರಿನಲ್ಲಿ ನೋಂದಾಯಿತ ಕ್ರಯಪತ್ರ ಇದ್ದರೆ, ಕರಡು ಇ-ಖಾತಾದಲ್ಲಿ ತಪ್ಪಿದ ಒಂದು ಅಕ್ಷರ ಅದನ್ನು ಅಳಿಸುವುದಿಲ್ಲ. ಹಾಗಂತ ಸುಮ್ಮನಿರುವಂತೆಯೂ ಇಲ್ಲ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯ. ಅದು ಸರಿಯಾಗುವವರೆಗೆ ಮನೆ ಮಾರುವುದು ನಿಂತುಹೋಗುತ್ತದೆ. ಆದ್ದರಿಂದ ತಪ್ಪು ಎಲ್ಲಿ ಹುಟ್ಟಿತು, ಅದನ್ನು ತಿದ್ದುವ ಹೊಣೆ ಯಾರದು ಎಂದು ತಿಳಿದಿರಬೇಕು.

ಇ-ಖಾತಾ ಒಂದೇ ಕಡತದಿಂದ ಬರುವುದಿಲ್ಲ. ಪಾಲಿಕೆಯ ತೆರಿಗೆ ದಾಖಲೆ, ಉಪನೋಂದಣಿ ಕಚೇರಿಯ ‘ಕಾವೇರಿ’ ತಂತ್ರಾಂಶದಲ್ಲಿರುವ ಕ್ರಯಪತ್ರ, ಆಧಾರ್, ಬೆಸ್ಕಾಂ ಸಂಖ್ಯೆ, ಕಟ್ಟಡದ ಚಿತ್ರ, ಇವೆಲ್ಲ ಒಂದೆಡೆ ಸೇರಬೇಕು. ಬೇರೆ ಬೇರೆ ಕಡೆ ಬೇರೆ ಬೇರೆ ರೀತಿಯಲ್ಲಿ ಬರೆದಿಟ್ಟ ಮಾಹಿತಿಯನ್ನು ಹೀಗೆ ಒಂದು ಮಾಡುವುದಕ್ಕೆ ಡೇಟಾ ಇಂಟಿಗ್ರೇಷನ್ ಎನ್ನುತ್ತಾರೆ. ಬ್ಯಾಂಕು, ವಿಮೆ, ಆಸ್ಪತ್ರೆಗಳಿಗೂ ಇದು ಬೇಕು. ಇನ್ಫರ್ಮ್ಯಾಟಿಕಾ, ಡೇಟಾಸ್ಟೇಜ್‌ನಂಥ ತಂತ್ರಾಂಶಗಳು ಇರುವುದೇ ಇದಕ್ಕೆ.

ಉತ್ತರ ಬೆಂಗಳೂರಿನಲ್ಲಿ ಈ ಕೆಲಸ ಯಾಕೆ ಕಷ್ಟ ಎನ್ನುವುದಕ್ಕೆ ಊರಿನ ಚರಿತ್ರೆಯೇ ಕಾರಣ. ಆರ್.ಟಿ. ನಗರ, ಯಶವಂತಪುರ ಹಳೆಯ ಮಹಾನಗರ ಪಾಲಿಕೆಯಲ್ಲೇ ಇದ್ದವು. ಯಲಹಂಕ, ಬ್ಯಾಟರಾಯನಪುರ ತಮ್ಮದೇ ನಗರಸಭೆ ಹೊಂದಿದ್ದವು. 2007ರಲ್ಲಿ ಬಿಬಿಎಂಪಿ ಆದಾಗ ಸುತ್ತಲಿನ ಹಳ್ಳಿಗಳ ಜೊತೆ ಒಳಗೆ ಬಂದವು. ಯಲಹಂಕ ಉಪನಗರವನ್ನು ಕಟ್ಟಿದ್ದು ಗೃಹ ಮಂಡಳಿ. ಪಂಚಾಯಿತಿ ಪುಸ್ತಕ, ನಗರಸಭೆ ರಿಜಿಸ್ಟರು, ಮಂಡಳಿಯ ಹಂಚಿಕೆ ಪತ್ರ, ಒಂದೊಂದರ ಸಂಖ್ಯೆ ಕೊಡುವ ಪದ್ಧತಿಯೂ ಬೇರೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಬೋರ್ಡು ಬದಲಾದರೂ ಹಳೆಯ ದಾಖಲೆ ಹಳೆಯದೇ.

ಯಾರ ಕೆಲಸ ಏನು?

ಮೊದಲನೆಯವರು ಮಾಹಿತಿಯ ಒಡೆಯರು, ಅಂದರೆ ಅದನ್ನು ಮೊದಲು ಬರೆದುಕೊಂಡ ಇಲಾಖೆ. ಕ್ರಯಪತ್ರದ ಮಾಹಿತಿಗೆ ನೋಂದಣಿ ಇಲಾಖೆ, ತೆರಿಗೆ ದಾಖಲೆಗೆ ಪಾಲಿಕೆಯ ಕಂದಾಯ ವಿಭಾಗ, ವಿದ್ಯುತ್ ಸಂಪರ್ಕದ ವಿವರಕ್ಕೆ ಬೆಸ್ಕಾಂ. ಇಲ್ಲಿ ಒಂದು ನಿಯಮ ಬಹಳ ಮುಖ್ಯ: ಮೂಲದಲ್ಲಿ ತಪ್ಪಿದ್ದರೆ ಮೂಲದಲ್ಲೇ ತಿದ್ದಬೇಕು. ಮಧ್ಯದ ತಂತ್ರಜ್ಞ ‘ಪಾಪ, ಸರಿ ಮಾಡಿಕೊಡೋಣ’ ಎಂದು ತಾನೇ ಹೆಸರು ಬದಲಿಸಿದರೆ ಅದು ಉಪಕಾರವಲ್ಲ, ಅಪರಾಧಕ್ಕೆ ದಾರಿ. ಇವತ್ತು ನಿಮ್ಮ ಹೆಸರು ಸರಿ ಮಾಡಿದ ಕೈ ನಾಳೆ ಬೇರೆಯವರ ಹೆಸರನ್ನೂ ಬರೆಯಬಲ್ಲದು.

ಎರಡನೆಯವರು ನಕ್ಷೆ ಹಾಕುವವರು. ಇವರನ್ನು ಅನಲಿಸ್ಟ್, ಆರ್ಕಿಟೆಕ್ಟ್ ಎಂದು ಕರೆಯುತ್ತಾರೆ. ಈ ದಾಖಲೆಯ ಯಾವ ಕಾಲಂ ಆ ದಾಖಲೆಯ ಯಾವ ಕಾಲಂಗೆ ಹೋಗಬೇಕು ಎಂದು ತೀರ್ಮಾನಿಸುವುದು ಇವರ ಕೆಲಸ. ಕೇಳಲು ಸುಲಭ. ಆದರೆ 30x40 ಸೈಟು ಒಂದು ಕಡೆ 1200 ಚದರಡಿ, ಇನ್ನೊಂದು ಕಡೆ 111.48 ಚದರ ಮೀಟರ್. ಅಳತೆಯ ಘಟಕ ನೋಡದೆ ಜೋಡಿಸಿದರೆ 1200 ಚದರ ಮೀಟರ್ ಆಗಿ, ನಿಮ್ಮ ಸೈಟು ಸುಮಾರು 12,900 ಚದರಡಿಗೆ ಬೆಳೆದುಬಿಡುತ್ತದೆ!

ಆ ನಕ್ಷೆಯಂತೆ ಮಾಹಿತಿಯನ್ನು ಹೊರತೆಗೆದು, ರೂಪ ಬದಲಿಸಿ, ಹೊಸ ಜಾಗಕ್ಕೆ ತುಂಬುವ ಪ್ರೋಗ್ರಾಂ ಬರೆಯುವವರು ಡೆವಲಪರ್‌ಗಳು. ಅದನ್ನು ಪರೀಕ್ಷಿಸುವವರು ಬೇರೆ ಇರುತ್ತಾರೆ, ಇರಲೇಬೇಕು.

ನಮ್ಮ ಪ್ರಕಾರ ಈ ಸಾಲಿನಲ್ಲಿ ಅತಿ ಮುಖ್ಯರಾದವರು ಗುಣಮಟ್ಟ ನೋಡುವವರು. ಕಾರಣ ನಮ್ಮ ಹೆಸರುಗಳೇ. ಖಾತಾದಲ್ಲಿ ಕನ್ನಡದ ‘ಲಕ್ಷ್ಮಮ್ಮ’. ಅದೇ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ಒಬ್ಬರು ‘ಕೆ-ಎಸ್-ಎಚ್’ ಹಾಕಿದರೆ ಇನ್ನೊಬ್ಬರು ‘ಎಕ್ಸ್’ ಹಾಕುತ್ತಾರೆ. ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಕೆಲವು ಕಡೆ ‘ಕೋಂ’ ಎಂದು ಗಂಡನ ಹೆಸರೂ ಸೇರಿರುತ್ತದೆ. ಮನುಷ್ಯರ ಕಣ್ಣಿಗೆ ಇವೆಲ್ಲ ಒಬ್ಬರೇ, ಯಂತ್ರಕ್ಕೆ ಮೂರು ಜನ. ಎಷ್ಟು ವ್ಯತ್ಯಾಸವಿದ್ದರೆ ಒಂದೇ ಹೆಸರೆಂದು ಒಪ್ಪಬೇಕು ಎಂಬ ಗಡಿಯನ್ನು ಹಾಕುವವರು ಮನುಷ್ಯರೇ. ಗಡಿ ಸಡಿಲವಾದರೆ ಬೇರೆಯವರ ಆಸ್ತಿ ನಿಮ್ಮದಾಗಬಹುದು, ಬಿಗಿಯಾದರೆ ನಿಮ್ಮದೇ ನಿಮ್ಮದಲ್ಲ ಎನಿಸಬಹುದು. ಹೊಂದಿಕೆಯಾಗದವನ್ನು ಕಣ್ಣಾರೆ ನೋಡಿ ತೀರ್ಮಾನಿಸುವ ಅಧಿಕಾರ ಪಾಲಿಕೆಯ ಸಹಾಯಕ ಕಂದಾಯ ಅಧಿಕಾರಿಯದು, ಅಂದರೆ ಎಆರ್‌ಒ ಅವರದು.

ಕೊನೆಯವರು ಅಡ್ಮಿನ್. ಯಾರಿಗೆ ಒಳಗೆ ಹೋಗಲು ಅನುಮತಿ, ಯಾರು ಯಾವಾಗ ಏನು ಬದಲಿಸಿದರು ಎಂಬ ದಾಖಲೆ ಇವರ ಹೊಣೆ. ಇದರಲ್ಲಿ ಕರ್ನಾಟಕಕ್ಕೆ ಹಳೆಯ ಅನುಭವವಿದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ತಂದಾಗ, ತಾಲ್ಲೂಕು ಕಚೇರಿಯ ಸಿಬ್ಬಂದಿ ಬೆರಳಚ್ಚು ಕೊಟ್ಟೇ ತಂತ್ರಾಂಶದ ಒಳಗೆ ಹೋಗಬೇಕಿತ್ತು. ಪಾಸ್‌ವರ್ಡ್ ಕದ್ದರು ಎಂದು ನೆಪ ಹೇಳುವಂತಿರಲಿಲ್ಲ.

ನಿಮ್ಮ ತಪ್ಪು ಎಲ್ಲಿಯದು?

ಕರಡು ಇ-ಖಾತಾ, ಕ್ರಯಪತ್ರ, ತೆರಿಗೆ ರಸೀದಿ, ಆಧಾರ್ ನಾಲ್ಕನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಡಿ. ಕ್ರಯಪತ್ರದಲ್ಲೇ ಹೆಸರೋ ಅಳತೆಯೋ ತಪ್ಪಿದ್ದರೆ ಪಾಲಿಕೆಗೆ ಎಷ್ಟು ಅಲೆದರೂ ಫಲವಿಲ್ಲ. ಉಪನೋಂದಣಿ ಕಚೇರಿಯಲ್ಲಿ ತಿದ್ದುಪಡಿ ಪತ್ರ ಮಾಡಿಸಬೇಕು. ಆಧಾರ್‌ನಲ್ಲಿ ತಪ್ಪಿದ್ದರೆ ಆಧಾರ್ ಕೇಂದ್ರ. ತೆರಿಗೆ ರಸೀದಿಯಲ್ಲಿ ತಪ್ಪಿದ್ದರೆ ಎಆರ್‌ಒ ಕಚೇರಿ.

ಮೂರೂ ಸರಿಯಿದ್ದು ಕರಡು ಮಾತ್ರ ತಪ್ಪಿದ್ದರೆ ತಪ್ಪು ಜೋಡಣೆಯಲ್ಲಿದೆ. ಆಗ ಪಕ್ಕದ ಮನೆಯವರ ಕರಡನ್ನೂ ಕೇಳಿ ನೋಡಿ. ನಿಮ್ಮದೊಂದೇ ತಪ್ಪಿದ್ದರೆ ಟೈಪ್ ಮಾಡುವಾಗ ಆದದ್ದಿರಬಹುದು. ಇಡೀ ಬೀದಿಯದು ಒಂದೇ ರೀತಿ ತಪ್ಪಿದ್ದರೆ ನಕ್ಷೆ ಹಾಕಿದ್ದರಲ್ಲಿ ದೋಷವಿರುವ ಸಾಧ್ಯತೆ ಹೆಚ್ಚು. ಎಲ್ಲರ ಪಿಐಡಿ ಸಂಖ್ಯೆಗಳನ್ನೂ ಒಂದೇ ಅರ್ಜಿಯಲ್ಲಿ ಬರೆದು ಎಆರ್‌ಒಗೆ ಕೊಡಿ, ತಾಂತ್ರಿಕ ತಂಡಕ್ಕೆ ಕಳಿಸಲು ಕೇಳಿ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಗೆ ಬರಬೇಡಿ.

‘ಇ-ಖಾತಾ ತಿದ್ದುಪಡಿ ತಂಡದಿಂದ ಮಾತಾಡ್ತಿದ್ದೀವಿ, ಓಟಿಪಿ ಹೇಳಿ’ ಎಂದು ಫೋನ್ ಬಂದರೆ ಕಟ್ ಮಾಡಿ. ಮೇಲೆ ಹೇಳಿದ ಯಾರ ಕೆಲಸದಲ್ಲೂ ನಿಮಗೆ ಫೋನ್ ಮಾಡಿ ಓಟಿಪಿ ಕೇಳುವುದು ಸೇರಿಲ್ಲ. ಆಧಾರ್ ಓಟಿಪಿಯನ್ನು ಸರ್ಕಾರಿ ಜಾಲತಾಣದಲ್ಲಿ ನೀವೇ ಹಾಕಬೇಕು; ಮೊಬೈಲ್‌ನಲ್ಲಿ ಮಾಡಲು ಬರದಿದ್ದರೆ ಬೆಂಗಳೂರು ಒನ್ ಕೇಂದ್ರಕ್ಕೆ ಹೋಗಿ, ಎದುರಿಗೇ ನಿಂತು ಮಾಡಿಸಿಕೊಳ್ಳಿ.