ಎಂಜಿನಿಯರಿಂಗ್ ಗಣಿತ: ಊರಿನಲ್ಲೇ ಇದೆ ನೆರವು
ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದಲ್ಲಿ ಪಿಯುಸಿ ಗಣಿತಕ್ಕೆ ಟ್ಯೂಷನ್ ಸಿಗುತ್ತದೆ. ಎಂಜಿನಿಯರಿಂಗ್ ಗಣಿತದ ಮನೆಲೆಕ್ಕ ಬಿಡಿಸಲು ನೆರವಾಗುವವರು ವಿರಳ. ಹೆಚ್ಚಿನ ಸಂಕಷ್ಟ, ಎಸ್ಸೆಸ್ಸೆಲ್ಸಿ ಬಳಿಕ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವವರದು. ಇಂಥವರಿಗೆಂದೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2018ರ ಪಠ್ಯಕ್ರಮದಲ್ಲಿ ಹೆಚ್ಚುವರಿ ಗಣಿತ ಪತ್ರಿಕೆಗಳನ್ನು ಕಡ್ಡಾಯಗೊಳಿಸಿತ್ತು.

ಐಐಟಿಗಳು ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನ ಉಪನ್ಯಾಸಗಳು ಉಚಿತ. ಪ್ರಮಾಣಪತ್ರದ ಪರೀಕ್ಷೆಗಷ್ಟೇ ಶುಲ್ಕ. ಕೋರ್ಸ್ ನಡೆಯುವ ವಾರಗಳಲ್ಲಿ ಬೋಧಕರ ತಂಡಕ್ಕೆ ಪ್ರಶ್ನೆ ಕೇಳಲೂ ಅವಕಾಶವಿದೆ.

ಆದರೆ ತೊಡಕು ಹಲವೊಮ್ಮೆ ಹಿಂದಿನ ಪಾಠದಲ್ಲಿರುತ್ತದೆ. ವಿಲೋಮ ಲಾಪ್ಲಾಸ್ ಲೆಕ್ಕದಲ್ಲಿ ಅನೇಕರು ಎಡವುವುದು ಆಂಶಿಕ ಭಿನ್ನರಾಶಿಯಲ್ಲಿ. ಅದು ಪಿಯುಸಿ ಪಾಠ. ಬಿಡಿಸಿದ ಉತ್ತರ ಹುಡುಕುವ ಬದಲು, ಲೆಕ್ಕ ನಿಂತ ಹಂತವನ್ನು ಗುರುತಿಸಿ ಒಯ್ದರೆ ಊರಿನ ಪಿಯು ಉಪನ್ಯಾಸಕರೇ ತಿದ್ದಬಲ್ಲರು.